ಮೂರು ಬೇಸ್, ಒಂದು ಹಾಡು

7 ಜುಲೈ 2024, ಭಾನುವಾರ ರಾತ್ರಿ

ನಟರೇ ಸೇರಿ ಕಟ್ಟಿದ ತಮಾಷೆಯ ರಾಕ್ ಬ್ಯಾಂಡ್ ಸ್ಪೈನಲ್ ಟ್ಯಾಪ್, ಅವರ ಲಂಡನ್ನಿನ ವೆಂಬ್ಲಿ ಸ್ಟೇಡಿಯಂ ವಿಡಿಯೊ ಮತ್ತೆ ಕಣ್ಣಿಗೆ ಬಿತ್ತು. 2007ರಲ್ಲಿ ಇದೇ ತಾರೀಖು, ಹವಾಮಾನ ಜಾಗೃತಿಯ ಲೈವ್ ಅರ್ಥ್ ಸಂಗೀತ ಕಾರ್ಯಕ್ರಮ. ಅವರ ‘ಬಿಗ್ ಬಾಟಮ್’ ಹಾಡು ಶುರುವಾಗುವ ಹೊತ್ತಿಗೆ ವೇದಿಕೆ ತುಂಬ ಬೇಸ್ (ಮಂದ್ರ ಸ್ವರದ ಗಿಟಾರ್) ಹಿಡಿದವರೇ, ಮೆಟಲ್ ಬ್ಯಾಂಡ್ ಮೆಟಾಲಿಕಾದವರೂ ಸೇರಿ. ಅದರ ಜೊತೆಗೇ ಆ ಹಳೇ ಮಾತು: ತಮಾಷೆ ಬ್ಯಾಂಡು ತಾನೇ, ನುಡಿಸೋಕೆ ಬರಬೇಕಾ ಅಂತ.

ಮೈ ಉರಿಯುತ್ತೆ. ಬ್ಯಾಂಡಿನ ನಟರಾದ ಕ್ರಿಸ್ಟೋಫರ್ ಗೆಸ್ಟ್, ಮೈಕೆಲ್ ಮೆಕ್ಕೀನ್, ಹ್ಯಾರಿ ಶಿಯರರ್ ಮೂವರೂ ನುಡಿಸಬಲ್ಲವರು. 1979ರಲ್ಲಿ ಟಿವಿ ಸ್ಕೆಚ್‌ಗೆಂದು ಹುಟ್ಟಿದ ಬ್ಯಾಂಡು, 1984ರಲ್ಲಿ ನಿರ್ದೇಶಕ ರಾಬ್ ರೈನರ್ ಜೊತೆ ಸಿನಿಮಾ ಆಯ್ತು. ಹಾಡುಗಳೂ ಈ ನಾಲ್ವರದ್ದೇ.

‘ಬಿಗ್ ಬಾಟಮ್’ನಲ್ಲಿ ಮಾಮೂಲಿ ಗಿಟಾರೇ ಇಲ್ಲ, ಮೂವರ ಕೈಯಲ್ಲೂ ಬೇಸ್. ಕೇಳೋಕೆ ಸುಲಭ, ನುಡಿಸಿ ನೋಡಬೇಕು. ಬೇಸ್‌ನ ಕೆಳಗಿನ ಇ ತಂತಿ ಸುಮಾರು 41 ಹರ್ಟ್ಜ್, ಅಂದರೆ ಸೆಕೆಂಡಿಗೆ 41 ಕಂಪನ. ಒಬ್ಬರದು 41, ಇನ್ನೊಬ್ಬರದು 42 ಆದರೆ ಸೆಕೆಂಡಿಗೊಂದು ಸಲ ಸದ್ದು ಉಬ್ಬಿ ಇಳಿಯುತ್ತೆ. ಮೂರನೆಯವರ ಶ್ರುತಿಯೂ ಕೂದಲೆಳೆ ಜಾರಿದರೆ ಸ್ವರವೇ ಇಲ್ಲ, ಬರೀ ಗುಡುಗುಡು. ಅದರ ಮೇಲೆ ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಬೇರೆ ಅಲ್ಲೇ, 60ರ ಆಸುಪಾಸಿನಲ್ಲಿ, ಬಂದು ಕೂರುತ್ತೆ.

ಹಾಗಾಗಿ ಮೊದಲು ಮೂವರೂ ಒಂದೇ ಟ್ಯೂನರ್‌ನಲ್ಲಿ ಶ್ರುತಿ ಮಾಡಬೇಕು. ಆಮೇಲೆ ಜಾಗ ಹಂಚಿಕೆ. ಮಂದ್ರ ಒಬ್ಬರಿಗೇ. ಎರಡನೆಯವರು ಹನ್ನೆರಡನೇ ಫ್ರೆಟ್ (ಕುತ್ತಿಗೆಯ ಮೇಲಿನ ಲೋಹದ ಪಟ್ಟಿ) ಸುತ್ತ, ಒಂದು ಸ್ಥಾಯಿ ಮೇಲೆ. ಮೂರನೆಯವರಿಗೆ ದನಿಯನ್ನು ಒರಟಾಗಿಸುವ ಫಜ್ ಹಾಕಿ, ಮಿಕ್ಸರ್‌ನಲ್ಲಿ 150 ಹರ್ಟ್ಜ್‌ನಿಂದ ಕೆಳಗಿನದನ್ನು ಕತ್ತರಿಸಬೇಕು. ಆಗ ಅದು ಗಿಟಾರಿನ ಕೆಲಸ ಮಾಡುತ್ತೆ. ಇಷ್ಟೂ ಮಾಡಿ, ಮಂದ್ರದವರು ತಂತಿಯನ್ನು ಅಂಗೈಯಿಂದ ಸ್ವಲ್ಪ ಒತ್ತದಿದ್ದರೆ ಹಿಂದಿನ ಸ್ವರ ಮುಂದಿನದರ ಮೇಲೆ ಹರಿದು ಎಲ್ಲ ಕೆಟ್ಟಿತು. ಸಿನಿಮಾದಲ್ಲಿ ಕೇಳಿ, ಹಾಡಿನ ಒಂದು ಪದವೂ ಮುಳುಗಲ್ಲ. ವೆಂಬ್ಲಿಯಲ್ಲಿ ಮಾತ್ರ ಲಾರಿ ಸ್ಟಾರ್ಟ್ ಮಾಡಿ ನಿಲ್ಲಿಸಿದ ಹಾಗಿತ್ತು. ಅಲ್ಲಿ ಬೇಕಿದ್ದದ್ದೂ ಅದೇ ಅನ್ನಿ.

ಸಿನಿಮಾದಲ್ಲಿ ಗೆಸ್ಟ್ ತೋರಿಸುವ, ಹತ್ತರ ಬದಲು ಹನ್ನೊಂದರವರೆಗೆ ಅಂಕಿ ಇರುವ ಆಂಪ್ ಗುಂಡಿ ವಿಷಯ ಎಲ್ಲರಿಗೂ ಗೊತ್ತು. ಅಂಕಿ ಬರೀ ಬಣ್ಣ, ಗುಂಡಿ ತಿರುಗೋದು ಅಷ್ಟೇ. ವಾಲ್ವ್ ಆಂಪ್‌ನಲ್ಲಿ ಅರ್ಧ ದಾಟುವಷ್ಟರಲ್ಲಿ ಬರಬೇಕಾದ ಜೋರು ಬಹುಪಾಲು ಬಂದಾಗಿರುತ್ತೆ, ಆಮೇಲೆ ದನಿ ಒಡೆಯುತ್ತೆ ಅಷ್ಟೆ. 100 ವಾಟ್‌ಗಿಂತ ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ಸುಮಾರು 1000 ವಾಟ್ ಬೇಕು. ಇಷ್ಟಾಗಿಯೂ ಮಾರ್ಷಲ್ ಕಂಪನಿ 1990ರಲ್ಲಿ 20ರವರೆಗೆ ಅಂಕಿ ಬರೆದ ಆಂಪ್ ತಂದಿತು, ಜಾಹೀರಾತಿಗೆ ಗೆಸ್ಟ್‌ರನ್ನೇ ಕರೆದು! ಅದು ಗಿಟಾರ್ ಆಂಪು. ಅದಕ್ಕೆ ಬೇಸ್ ಚುಚ್ಚಿ 20ಕ್ಕೆ ತಿರುಗಿಸಿದರೆ ಮೊದಲು ಹೋಗೋದು ಸ್ಪೀಕರ್ ಕೋನು. ಕೋನು ತಡೆದರೆ ಕಾಯಿಲು. ಕಾಯಿಲು ಸುಟ್ಟು ತುಂಡಾದರೆ, ಆಂಪ್‌ನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್...