ಮಿಲಿಟರಿ ಕಷ್ಟನೋ, ಪೊಲೀಸ್ ಕಷ್ಟನೋ?

ನಾನು ಮೊದಲು ಸೈನ್ಯದಲ್ಲಿದ್ದೆ. ಪೆನ್ಷನ್ ಮೇಲೆ ಊರಿಗೆ ಬಂದು, ಮಾಜಿ ಸೈನಿಕರ ಕೋಟಾದಲ್ಲಿ ಪೊಲೀಸ್ ಸೇರಿದೆ. ಈಗ ಎರಡೂ ಮುಗಿದಿವೆ. ಇಷ್ಟು ಗೊತ್ತಾದರೆ ಸಾಕು, ಹುಬ್ಬಳ್ಳಿಯಲ್ಲಿ ಮದುವೆ ಊಟಕ್ಕೆ ಪಕ್ಕದಲ್ಲಿ ಕೂತವರೂ ಕೇಳುತ್ತಾರೆ: "ಖರೇ ಹೇಳ್ರಿ, ಯಾವ್ದು ಕಷ್ಟ? ಮಿಲಿಟರಿನೋ, ಪೊಲೀಸೋ?" (ಎರಡನೇ ಪ್ರಶ್ನೆ ಪೆನ್ಷನ್ನೂ ಪಗಾರವೂ ಎರಡೂ ಬರುತ್ತಿತ್ತಾ ಅನ್ನೋದು. ಹೌದು, ಬರುತ್ತಿತ್ತು.)

ಕೇಳುವವರ ಮನಸ್ಸಿನಲ್ಲಿ ಉತ್ತರ ಮೊದಲೇ ಇರುತ್ತದೆ. ನಾನು ಮಿಲಿಟರಿ ಅನ್ನಬೇಕು, ಹಿಮ, ಗಡಿ, ಗುಂಡಿನ ಕಥೆ ಹೇಳಬೇಕು. ಅದರಲ್ಲಿ ತಪ್ಪೇನಿಲ್ಲ. ನಮ್ಮದೇ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನು ಇಲ್ಲಿ ಯಾರೂ ಮರೆತಿಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿಯಿತು. 10 ಯೋಧರು ಅದರಡಿ ಸಿಕ್ಕರು. ಆರು ದಿನ ಹಿಮದೊಳಗಿದ್ದ ಹನುಮಂತಪ್ಪ ಒಬ್ಬರೇ ಉಸಿರಾಡುತ್ತಾ ಸಿಕ್ಕರು, ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಂಥ ಕಷ್ಟದ ಜೊತೆ ಹೋಲಿಸೋಕೆ ನನ್ನ ಹತ್ತಿರ ಏನೂ ಇಲ್ಲ, ಹೋಲಿಸೋದೂ ಇಲ್ಲ.

ಆದರೆ ದಿನಾ ಬೆಳಗಾದರೆ ಮಾಡುವ ಕೆಲಸ ಅಂತ ನೋಡಿದರೆ, ನನಗೆ ಪೊಲೀಸೇ ಜಾಸ್ತಿ ಕಷ್ಟವಾಯಿತು.

ರಜೆ ಸಿಗಲ್ಲ ಅಂತಲಾ ಅಂತ ಕೇಳುತ್ತಾರೆ. ಅಲ್ಲ. ಗಣಪತಿ ಮೆರವಣಿಗೆ, ರಂಗಪಂಚಮಿ, ಸಿದ್ಧಾರೂಢರ ಜಾತ್ರೆ, ಯಾವ ಬಂದೋಬಸ್ತ್ ಇದ್ದರೂ ಗಂಟೆಗಟ್ಟಲೆ ನಿಲ್ಲಬೇಕು, ನಿಜ. ನಿಲ್ಲೋದನ್ನು ಸೈನ್ಯ ಚೆನ್ನಾಗಿಯೇ ಕಲಿಸಿರುತ್ತದೆ. ನಮ್ಮಂಥವರು ಅಲ್ಲಿ ಸೋಲೋದಿಲ್ಲ. ಸೋಲೋದು ಮಾತಿನಲ್ಲಿ, ಕಾಗದದಲ್ಲಿ.

ಸೈನ್ಯದಲ್ಲಿ ನನ್ನ ಮಾತಿಗೆ ಬೆಲೆ ಇತ್ತು. ರಾತ್ರಿ ಪಹರೆಯಲ್ಲಿದ್ದವನು "ಸಾಬ್, ನಾಲೆಯ ಆಚೆ ಏನೋ ಅಲುಗಾಡಿತು" ಅಂದರೆ ಸುಬೇದಾರರು ಸಾಕ್ಷಿ ಕೇಳುತ್ತಿರಲಿಲ್ಲ. ಎದ್ದು ಬೂಟು ಹಾಕಿಕೊಳ್ಳುತ್ತಿದ್ದರು. ಮುಂದೇನು ಅನ್ನೋದು ಅವರ ತಲೆನೋವು. ನಾನು ಕಂಡದ್ದನ್ನು ಹೇಳಿದರೆ ನನ್ನ ಕೆಲಸ ಮುಗಿಯಿತು.

ಠಾಣೆಯಲ್ಲಿ ಇದು ತಲೆಕೆಳಗು. ಮೊದಲನೆಯದು, ಅಧಿಕಾರ. ಊರೊಳಗಿನ ಗಲಾಟೆಗೆ ಸೈನ್ಯ ಇಳಿಯಬೇಕಾದರೆ ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರು ಕರೆಯಬೇಕು. ಆದರೆ ಗಂಭೀರ ಅಪರಾಧದಲ್ಲಿ ವಾರಂಟ್ ಇಲ್ಲದೆ ಒಬ್ಬನನ್ನು ಹಿಡಿಯುವ ಅಧಿಕಾರ ಒಬ್ಬ ಸಾದಾ ಕಾನ್‌ಸ್ಟೇಬಲ್‌ಗೂ ಇದೆ. ರಾತ್ರಿ ಬೀಟಿನಲ್ಲಿ ಪಕ್ಕದಲ್ಲಿ ಸುಬೇದಾರರಿಲ್ಲ. ಹಿಡೀಬೇಕಾ, ಬಿಡಬೇಕಾ, ನೀವೇ ಹೇಳಬೇಕು. ಹಿಡಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಅದು ಸಂವಿಧಾನದ 22ನೇ ವಿಧಿ.

ಎರಡನೆಯದು ನನಗೆ ನಿಜವಾಗಿ ಬಿಸಿ ಮುಟ್ಟಿಸಿದ್ದು. ಕಳ್ಳ ಪೊಲೀಸರ ಮುಂದೆ "ಹೌದು, ನಾನೇ ಕದ್ದೆ" ಅಂತ ಎಷ್ಟು ಸಲ ಒಪ್ಪಿಕೊಂಡರೂ ಕೋರ್ಟಿನಲ್ಲಿ ಅದು ಸಾಕ್ಷಿ ಅಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಹಾಗೆ ಹೇಳಿತ್ತು. 2024ರ ಜುಲೈ 1ರಿಂದ ಹೊಸ ಕಾನೂನು ಬಂದರೂ ಆ ಮಾತು ಬದಲಾಗಿಲ್ಲ. ಅವನು ಹೇಳಿದ ಕಡೆ ಹೋಗಿ ಮಾಲು ಸಿಕ್ಕರೆ, ಆ ಮಾಲಿಗೆ ಸಂಬಂಧಪಟ್ಟ ಅಷ್ಟು ಮಾತು ಮಾತ್ರ ನಡೆಯುತ್ತದೆ. ಮಾಲು ಸಿಕ್ಕದ್ದಕ್ಕೂ ಪಂಚರು ಬೇಕು, ಅಂದರೆ ಕಣ್ಣಾರೆ ನೋಡಿ ಸಹಿ ಹಾಕುವ ಹೊರಗಿನ ಸಾಕ್ಷಿಗಳು. ಅದನ್ನು ಬರೆದಿಡುವ ಪಂಚನಾಮೆ ಬೇಕು.

ಪಂಚರನ್ನು ಹುಡುಕೋದು ಅಂದರೆ ಏನು ಅಂತ ಹೊರಗಿನವರಿಗೆ ಗೊತ್ತಿಲ್ಲ. ಒಂದು ರಾತ್ರಿ ಹುಬ್ಬಳ್ಳಿಯ ಹಳೇ ಬಸ್ ನಿಲ್ದಾಣದ ಹತ್ತಿರ ಒಬ್ಬ ಹುಡುಗ, ಕದ್ದ ಮೊಬೈಲನ್ನು ಇಟ್ಟಿಗೆ ರಾಶಿಯ ಸಂದಿಯಿಂದ ತೆಗೆದು ತೋರಿಸುವವನಿದ್ದ. ಅಲ್ಲಿದ್ದ ಚಹಾ ಬಂಡಿಯವನನ್ನು ಕರೆದೆ. ಅವನು ಸ್ಟವ್ ಆರಿಸಿ, ಗ್ಲಾಸು ಬಕೆಟ್ಟಿಗೆ ಹಾಕತೊಡಗಿದ.

"ಸಾಹೇಬ್ರ, ಸಹಿ ಮಾಡಾಕ ಏನ್ ತ್ರಾಸಿಲ್ರಿ. ನಾಕ್ ವರ್ಷ ಆದಮ್ಯಾಲ ಕೋರ್ಟಿಗೆ ಬಾ ಅಂತೀರಿ. ಅವತ್ತ ನನ್ನ ಬಂಡಿ ನೀವ್ ನೋಡ್ಕೊಂತೀರೇನು?"

ಅವನ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಕೊನೆಗೆ ಒಬ್ಬ ಆಟೋದವರು, ಒಬ್ಬ ಹೂವಿನವರು ಬಂದರು. ಜೀಪಿನ ಬಾನೆಟ್ ಮೇಲೆ ಕಾಗದ ಇಟ್ಟು, ಬ್ಯಾಟರಿ ಬೆಳಕಿನಲ್ಲಿ ಬರೆದೆವು. ಕಪ್ಪು ಬಣ್ಣದ ಮೊಬೈಲ್, ಪರದೆಯ ಎಡ ಮೂಲೆ ಒಡೆದಿದೆ, ಕವರಿನ ಹಿಂದೆ ಚಿಕ್ಕ ಮಕ್ಕಳ ಸ್ಟಿಕ್ಕರ್. ಇಟ್ಟಿಗೆ ರಾಶಿ ರಸ್ತೆಯ ಯಾವ ದಿಕ್ಕಿಗೆ, ಬೀದಿ ದೀಪ ಎಷ್ಟು ದೂರ. ಬಟ್ಟೆಯಲ್ಲಿ ಸುತ್ತಿ, ಅರಗು ಕಾಯಿಸಿ ಸೀಲು ಒತ್ತಿ, ಚೀಟಿಯ ಮೇಲೆ ಎಲ್ಲರ ಸಹಿ. ಈಗಿನ ಹುಡುಗರು ಇದನ್ನೆಲ್ಲ ವಿಡಿಯೋನೂ ಮಾಡಬೇಕು, ಹೊಸ ಕಾನೂನಿನಲ್ಲಿ ಕಡ್ಡಾಯ.

ಮುಂದೆ ಕೋರ್ಟಿನಲ್ಲಿ ಆರೋಪಿ ಕಡೆಯ ವಕೀಲರು ಎದ್ದು, "ಆ ಮೊಬೈಲ್ ನೀವೇ ಇಟ್ಟು ನೀವೇ ತೆಗೆದಿದ್ದೀರಿ ಅಂದರೆ ಸರಿಯೇ?" ಅಂತ ಕೇಳುತ್ತಾರೆ. ಸುಮ್ನೆ, ಊಟ ಆಯ್ತಾ ಅಂದಷ್ಟು ಸಲೀಸಾಗಿ. ಮೈಯೆಲ್ಲ ಉರಿಯುತ್ತದೆ. ಗಡಿಯಲ್ಲಿ ಬಂದೂಕು ಕೊಟ್ಟು ನಂಬಿದವರು, ಇಲ್ಲಿ ಒಂದು ಮೊಬೈಲಿನ ವಿಷಯಕ್ಕೆ ನಂಬೋದಿಲ್ಲವಲ್ಲ ಅನ್ನಿಸುತ್ತದೆ. ನನ್ನ ಹಾಗೆ ಸೈನ್ಯದಿಂದ ಬಂದ ಗೆಳೆಯರು ಹೆಚ್ಚಾಗಿ ಗೊಣಗೋದು ಇದಕ್ಕೇ.

ನಾನೂ ಗೊಣಗಿದವನೇ. ಆದರೆ ಕಾನೂನು ಸರಿಯಾಗೇ ಇದೆ ಅನ್ನೋದು ನನ್ನ ಅಭಿಪ್ರಾಯ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯೇ ಸಾಕು ಅಂತಾಗಿದ್ದರೆ, ಇಟ್ಟಿಗೆ ರಾಶಿ ಹುಡುಕುವ ಕಷ್ಟ ಯಾರು ತಗೋತಿದ್ದರು? ಲಾಠಿ ಒಂದೇ ಸಾಕಾಗುತ್ತಿತ್ತು. ಸೈನಿಕನ ಎದುರಿಗೆ ನಿಂತವನು ಶತ್ರು ಅಂತ ಮೊದಲೇ ತೀರ್ಮಾನ ಆಗಿರುತ್ತದೆ. ಠಾಣೆಗೆ ಬಂದವನು ಕಳ್ಳ ಅಂತ ಇನ್ನೂ ಆಗಿರಲ್ಲ, ಅದನ್ನು ಹೇಳಬೇಕಾದವರು ನಾವೂ ಅಲ್ಲ.

ಈಗ ಈ ಪ್ರಶ್ನೆ ಜಾಸ್ತಿ ಕೇಳೋರು ಧಾರವಾಡದ ಸಪ್ತಾಪುರದ ಕೋಚಿಂಗ್ ಹುಡುಗರು. ಈಗ ಸೈನ್ಯಕ್ಕೆ ಜವಾನರಾಗಿ ಸೇರುವ ಅಗ್ನಿವೀರರಿಗೆ ನಾಲ್ಕೇ ವರ್ಷ, ಅದಾದ ಮೇಲೆ ಉಳಿಯೋದು ನೂರಕ್ಕೆ 25 ಜನದವರೆಗೆ ಮಾತ್ರ. ಹಾಗಾಗಿ ಅದು ಮುಗಿದ ಮೇಲೆ ಪೊಲೀಸ್ ಅನ್ನೋ ಲೆಕ್ಕ ಅವರ ತಲೆಯಲ್ಲಿದೆ. ಎರಡಕ್ಕೂ 1600 ಮೀಟರ್ ಓಟ ಇದೆ, ಅದನ್ನು ಬೆಳಿಗ್ಗೆ ಎದ್ದು ಓಡುತ್ತಾರೆ. ಅವರಿಗೆ ನಾನು ಹೇಳೋದು ಒಂದೇ. ಒಂದು ದಿನ ಜಿಲ್ಲಾ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತ್ಕೊಳ್ಳಿ. ಸಾಮಾನ್ಯವಾಗಿ ಯಾರು ಬೇಕಾದರೂ ಕೂರಬಹುದು. ಯಾರಾದರೂ ಪೊಲೀಸ್ ಹವಾಲ್ದಾರರ ಪಾಟಿ ಸವಾಲು ನಡೆಯುತ್ತಿದ್ದರೆ ಪೂರ್ತಿ ನೋಡಿ.

"ಹೋಗ್ತೀವ್ರಿ ಸರ್" ಅಂತಾರೆ. "ಮೊದ್ಲ ಫಿಸಿಕಲ್ ಪಾಸ್ ಆಗ್ಲಿ."