ಎಂಜಿನ್ ಲೈಟ್ ಬೆನ್ನು ಹತ್ತಿ: ಪುಣೆಯಿಂದ ಕಾರ್ ಕೆಲಸದ ಟಿಪ್ಪಣಿ

ಜೂನ್, ಮೊದಲ ಭಾನುವಾರ

ಕಾರು 2014ರದು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮುಂದಿನ ತಿಂಗಳು ತಮ್ಮನ ಜೊತೆ ಧಾರವಾಡಕ್ಕೆ ಹೋಗಬೇಕು, ಅಷ್ಟರೊಳಗೆ ಡ್ಯಾಶ್‌ಬೋರ್ಡಿನಲ್ಲಿ ಈ ಹಳದಿ ಎಂಜಿನ್ ಲೈಟ್ ಯಾಕೆ ಬಂತು ಅಂತ ತಿಳಿಯಬೇಕು.

ಲೈಟ್ ಒಂದೇ ಸಮನೆ ಉರಿಯುತ್ತಿದೆ, ಮಿನುಗುತ್ತಿಲ್ಲ. ಮೊದಲು ನೋಡಬೇಕಾದ್ದು ಇದನ್ನೇ. ಮಿನುಗಿದರೆ ಎಂಜಿನ್ ಜೋರಾಗಿ ಮಿಸ್‌ಫೈರ್ ಆಗುತ್ತಿದೆ ಅಂತ ಅರ್ಥ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್, ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ, ಆ ಬಿಸಿಗೆ ಕನ್ವರ್ಟರ್ ಒಳಗೇ ಕರಗಬಹುದು. ಆಗ ಆಕ್ಸಿಲರೇಟರ್ ಬಿಟ್ಟು, ಜಾಗ ನೋಡಿ ಪಕ್ಕಕ್ಕೆ ನಿಲ್ಲಿಸಬೇಕು. ಕೆಂಪು ಆಯಿಲ್ ಲೈಟ್ ಅಥವಾ ಕೆಂಪು ಟೆಂಪರೇಚರ್ ಲೈಟ್ ಬಂದರೂ ಅಷ್ಟೇ, ಆದಷ್ಟು ಬೇಗ ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು. ಒಂದೇ ಸಮನೆ ಉರಿಯುವ ಹಳದಿ ಲೈಟ್‌ಗೆ ಅಷ್ಟು ಗಾಬರಿ ಬೇಡ. ಹಾಗಂತ ತಿಂಗಳುಗಟ್ಟಲೆ ಬಿಡುವಂಥದ್ದೂ ಅಲ್ಲ.

ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇದೆ. ನಮ್ಮ ದೇಶದಲ್ಲಿ 2013ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಒಬಿಡಿ-2, ಅಂದರೆ ಕಾರೇ ತನ್ನ ತೊಂದರೆ ಗುರುತಿಸಿ ಕೋಡ್ ಕೊಡುವ ವ್ಯವಸ್ಥೆ, ಕಡ್ಡಾಯವಾಯಿತು, ಹಾಗಾಗಿ ನನ್ನ ಕಾರಿನಲ್ಲೂ ಇದೆ. ಬ್ಲೂಟೂತ್ ಸ್ಕ್ಯಾನರ್ ಚುಚ್ಚಿ ಫೋನಿನಲ್ಲಿ ನೋಡಿದೆ. ಬಂದ ಕೋಡ್ ಪಿ0171. ಇದರಲ್ಲಿ ಪಿ ಅಂದರೆ ಎಂಜಿನ್, ಗೇರ್‌ಬಾಕ್ಸ್ ಕಡೆಯದು. ಸೊನ್ನೆ ಅಂದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥದ ಕೋಡ್. ಅದರ ಮುಂದಿನ 1, ಇಂಧನ ಮತ್ತು ಗಾಳಿಯ ವಿಭಾಗ. ಒಟ್ಟು ದೂರು ಏನೆಂದರೆ ಮಿಶ್ರಣ ಲೀನ್ ಆಗಿದೆ: ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ.

ಕೋಡ್ ಅಳಿಸಲಿಲ್ಲ. ಫ್ರೀಜ್ ಫ್ರೇಮ್‌ನ ಸ್ಕ್ರೀನ್‌ಶಾಟ್ ತೆಗೆದಿಟ್ಟೆ. ಲೈಟ್ ಹತ್ತಿದ ಗಳಿಗೆಯಲ್ಲಿ ಆರ್‌ಪಿಎಂ ಎಷ್ಟು, ಸ್ಪೀಡ್ ಎಷ್ಟು, ಎಂಜಿನ್ ಎಷ್ಟು ಬಿಸಿ ಇತ್ತು ಎಲ್ಲ ಅದರಲ್ಲಿ ಇರುತ್ತದೆ. ಅಳಿಸಿದರೆ, ಬ್ಯಾಟರಿ ವೈರ್ ಬಿಚ್ಚಿದರೂ ಸಾಮಾನ್ಯವಾಗಿ, ಇದೆಲ್ಲ ಹೋಗುತ್ತದೆ. ನನ್ನದರಲ್ಲಿ ಸ್ಪೀಡ್ ಸೊನ್ನೆ, ಎಂಜಿನ್ ಪೂರ್ತಿ ಬಿಸಿ. ಅಂದರೆ ಸಿಗ್ನಲ್‌ನಲ್ಲೋ ಎಲ್ಲೋ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುತ್ತಾ, ನಿಂತಾಗ ಹತ್ತಿದೆ.

ಅದೇ ವಾರ, ಸಂಜೆ

ಹಡಪ್ಸರದಲ್ಲಿ ನಾನು ಹೋಗುವ ಮೆಕ್ಯಾನಿಕ್ ವಿಜಯಪುರ ಕಡೆಯವರು. ಕೋಡ್ ಕೇಳಿದ ಕೂಡಲೇ ಅಂದರು, "ಅಕ್ಕಾರ, ಆಕ್ಸಿಜನ್ ಸೆನ್ಸರ್ ಹೋಗೇದ್ರಿ. ಹೊಸಾದು ಹಾಕಿದ್ರ ಲೈಟ್ ಹೋಗ್ತದ."

ನನಗೆ ಒಪ್ಪಿಗೆಯಾಗಲಿಲ್ಲ. ಎಂಜಿನ್ ಬಿಡುವ ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಅಂತ ನೋಡಿ, ಲೀನ್ ಇದೆ ಅಂತ ಹೇಳಿದ್ದೇ ಆ ಸೆನ್ಸರ್. ಸುದ್ದಿ ಹೇಳಿದವರನ್ನೇ ಮೊದಲು ಬದಲಾಯಿಸುವುದು ಯಾಕೆ? ಸೆನ್ಸರ್ ಕೆಟ್ಟು ಸುಳ್ಳು ಹೇಳುವುದೂ ಉಂಟು, ನಿಜ. ಆದರೆ ಕಾಸು ಖರ್ಚಿಲ್ಲದೆ ನೋಡಬಹುದಾದ ಇನ್ನೊಂದು ವಿಷಯ ಇದೆ, ಫ್ಯೂಯೆಲ್ ಟ್ರಿಮ್.

ಪೆಟ್ರೋಲ್ ಸರಿಯಾಗಿ ಉರಿಯಲು 1 ಕೆಜಿ ಪೆಟ್ರೋಲಿಗೆ ಸುಮಾರು 14.7 ಕೆಜಿ ಗಾಳಿ ಬೇಕು. ಎಥನಾಲ್ ಬೆರೆತರೆ ಈ ಲೆಕ್ಕ ಸ್ವಲ್ಪ ಇಳಿಯುತ್ತದೆ. ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತಲೇ ಇರುತ್ತದೆ. ಆ ತಿದ್ದುಪಡಿಯ ಶೇಕಡಾವಾರೇ ಟ್ರಿಮ್. ಪ್ಲಸ್ ಅಂದರೆ ಪೆಟ್ರೋಲ್ ಹೆಚ್ಚು ಹಾಕುತ್ತಿದೆ, ಮೈನಸ್ ಅಂದರೆ ಕಡಿಮೆ. ಆಗಾಗ ಏರಿಳಿಯುವುದು ಶಾರ್ಟ್ ಟರ್ಮ್, ಕಲಿತು ನೆನಪಿಟ್ಟುಕೊಂಡದ್ದು ಲಾಂಗ್ ಟರ್ಮ್. ಎರಡನ್ನೂ ಕೂಡಿದರೆ ಪ್ಲಸ್ ಅಥವಾ ಮೈನಸ್ 10ರ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ.

ಗ್ಯಾರೇಜ್ ಮುಂದೆಯೇ ನೋಡಿದೆವು. ಐಡಲ್‌ನಲ್ಲಿ ಎರಡೂ ಸೇರಿ +24. ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂ ಹಿಡಿದರೆ +6. ನನಗೆ ಭಾರೀ ಖುಷಿಯಾಯಿತು, ಯಾಕೆಂದರೆ ಇದು ತುಂಬಾ ಸ್ಪಷ್ಟವಾದ ಸುಳಿವು. ಗಾಳಿ ಎಲ್ಲೋ ಕಳ್ಳದಾರಿಯಲ್ಲಿ ಒಳಗೆ ಬರುತ್ತಿದೆ. ಸೀಳಿದ ಸ್ಟ್ರಾನಲ್ಲಿ ಎಳನೀರು ಎಳೆದ ಹಾಗೆ. ಐಡಲ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಡಿಮೆ, ಹಾಗಾಗಿ ಆ ಸೀಳಿನ ಪಾಲು ದೊಡ್ಡದಾಗಿ ಕಾಣುತ್ತದೆ. ಆರ್‌ಪಿಎಂ ಏರಿದಾಗ ಅದೇ ಸೀಳು ಲೆಕ್ಕಕ್ಕೆ ಬರುವುದಿಲ್ಲ. ಐಡಲ್‌ನಲ್ಲಿ ಸರಿಯಿದ್ದು ಲೋಡ್ ಬಿದ್ದಾಗ ಟ್ರಿಮ್ ಏರಿದ್ದರೆ ನಾನು ಫ್ಯೂಯೆಲ್ ಪಂಪ್, ಫಿಲ್ಟರ್ ಕಡೆ ನೋಡುತ್ತಿದ್ದೆ.

ಒಂದು ಮಾತು. ನನ್ನ ಕಾರಿನಲ್ಲಿ ಒಳಗೆ ಬರುವ ಗಾಳಿಯನ್ನು ಅಳೆಯುವ ಎಂಎಎಫ್ ಸೆನ್ಸರ್ ಇದೆ. ಅದನ್ನು ದಾಟಿದ ಮೇಲೆ ನುಗ್ಗುವ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ, ಅದಕ್ಕೇ ಟ್ರಿಮ್ ಏರುತ್ತದೆ. ಎಷ್ಟೋ ಚಿಕ್ಕ ಕಾರುಗಳಲ್ಲಿ ಬರೀ ಗಾಳಿಯ ಒತ್ತಡ ಅಳೆಯುವ ಎಂಎಪಿ ಸೆನ್ಸರ್ ಇರುತ್ತದೆ. ಅಲ್ಲಿ ಇದೇ ಸೀಳು ಟ್ರಿಮ್‌ನಲ್ಲಿ ಅಷ್ಟಾಗಿ ಕಾಣದೆ ಐಡಲ್ ಏರಬಹುದು.

ಅಂಕಿ ತೋರಿಸಿದ ಮೇಲೆ ಮೆಕ್ಯಾನಿಕ್ ಅಣ್ಣ ಒಪ್ಪಿದರು. "ಹೌದ್ರಿ, ಮೊದ್ಲ ಹೊಗಿ ಬಿಟ್ಟು ನೋಡೂಣು."

ಮುಂದಿನ ವಾರ

ಹೊಗೆ ಬಿಡುವ ಮೆಷಿನ್ ಪಕ್ಕದ ಗ್ಯಾರೇಜಿನಿಂದ ತಂದರು. ಎಂಜಿನ್ ಆಫ್ ಮಾಡಿ ಇಂಟೇಕ್, ಅಂದರೆ ಗಾಳಿ ಒಳಗೆ ಹೋಗುವ ದಾರಿ, ಅದರೊಳಗೆ ಹೊಗೆ ತುಂಬಿಸಿದರೆ ಸೋರುವ ಕಡೆ ಹೊರಗೆ ಬರುತ್ತದೆ. ಕೆಲವರು ಓಡುತ್ತಿರುವ ಎಂಜಿನ್ ಮೇಲೆ ಕಾರ್ಬ್ಯುರೇಟರ್ ಕ್ಲೀನರ್ ಹೊಡೆದು ಹುಡುಕುತ್ತಾರೆ. ಬಿಸಿ ಎಂಜಿನ್ ಮೇಲೆ ಅದು ಹೊತ್ತಿಕೊಳ್ಳಬಹುದು, ದಯವಿಟ್ಟು ಬೇಡ.

ಸಿಲಿಂಡರುಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್ ಹಿಂದೆ, ಎಂಜಿನ್ ಒಳಗಿನ ಆವಿಯನ್ನು ಮತ್ತೆ ಇಂಟೇಕ್‌ಗೆ ಒಯ್ಯುವ ಪಿಸಿವಿ ಪೈಪಿನ ತಿರುವಿನಲ್ಲಿ ಹೊಗೆ ಎದ್ದಿತು. ಮೇಲಿಂದ ನೋಡಿದರೆ ಪೈಪ್ ಚೆನ್ನಾಗಿಯೇ ಇದೆ. ತಿರುಗಿಸಿದರೆ ಅಡಿಯಲ್ಲಿ ಬೆರಳುದ್ದ ಸೀಳು. ಆಯಿಲ್ ಆವಿ ತಾಗಿ ತಾಗಿ ರಬ್ಬರ್ ಮೆತ್ತಗಾಗಿತ್ತು. ಪುಣೆಯ ನಾನಾ ಪೇಠೆ ಬಡಾವಣೆಯ ಅಂಗಡಿಯಲ್ಲಿ ಪೈಪ್, ಹೊಸ ಕ್ಲಿಪ್ ಎರಡೂ ಸಿಕ್ಕವು. ಸೆನ್ಸರಿಗೆ ಕೊಡಬೇಕಾಗಿದ್ದ ದುಡ್ಡಿನ ಮುಂದೆ ಇದು ಏನೂ ಅಲ್ಲ.

ಹಾಕಿದ ಮೇಲೂ ಕೋಡ್ ಅಳಿಸಲಿಲ್ಲ. ಲಾಂಗ್ ಟರ್ಮ್ ಟ್ರಿಮ್ ತಾನಾಗಿ ಇಳಿಯುವುದನ್ನು ನೋಡಬೇಕಿತ್ತು. ಆಫೀಸಿಗೆ ಓಡಾಡುತ್ತಾ ನೋಡಿದೆ, ಐಡಲ್‌ನಲ್ಲಿ ಒಟ್ಟು +3ಕ್ಕೆ ಬಂತು. ಸತತ ಮೂರು ಡ್ರೈವ್ ಸೈಕಲ್‌ನಲ್ಲಿ, ಅಂದರೆ ಎಂಜಿನ್ ಶುರು ಮಾಡಿ ಓಡಿಸಿ ಆಫ್ ಮಾಡುವ ಮೂರು ಸುತ್ತಿನಲ್ಲಿ, ಅದೇ ತೊಂದರೆ ಕಾಣದಿದ್ದರೆ ಲೈಟ್ ಸಾಮಾನ್ಯವಾಗಿ ತಾನೇ ಆರುತ್ತದೆ. ನನ್ನದೂ ಆರಿತು.

ಜುಲೈ

ಧಾರವಾಡದ ದಾರಿಯಲ್ಲಿ ಖಂಬಾಟ್ಕಿ ಘಾಟ್ ಒಳ್ಳೆ ಪರೀಕ್ಷೆ. ನಾವು ಹೋಗುವಾಗ ಘಾಟ್ ಹತ್ತಿಯೇ ಹೋದೆವು. ತಮ್ಮ ಪಕ್ಕದಲ್ಲಿ ಕೂತು ಫೋನ್ ನೋಡಿ ಅಂಕಿ ಓದಿದ. ಡ್ರೈವ್ ಮಾಡುವವರು ಅದನ್ನು ನೋಡುವ ಹಾಗಿಲ್ಲ, ಅಲ್ವಾ. ಮೂರನೇ ಗೇರ್, ಅರ್ಧ ಆಕ್ಸಿಲರೇಟರ್, ಟ್ರಿಮ್ +8. ಧಾರವಾಡ ಮುಟ್ಟಿದ ಮೇಲೆ ಸ್ಕ್ಯಾನ್ ಮಾಡಿದರೆ ಪೆಂಡಿಂಗ್ ಕೋಡ್, ಅಂದರೆ ಇನ್ನೂ ಲೈಟ್ ಹತ್ತಿಸದ ದೂರು, ಒಂದೂ ಇಲ್ಲ.

ಆ +8 ಮಾತ್ರ ನನಗೆ ಇಷ್ಟವಾಗಲಿಲ್ಲ. ಮಿತಿಯೊಳಗೇ ಇದೆ. ಆದರೆ ಐಡಲ್‌ಗಿಂತ ಲೋಡ್‌ನಲ್ಲಿ ಜಾಸ್ತಿ ಅಂದರೆ ಎಂಎಎಫ್ ಮೇಲೆ ಧೂಳು ಕೂತು ಗಾಳಿಯನ್ನು ಕಡಿಮೆ ಅಳೆಯುತ್ತಿರಬಹುದು. ಎಂಎಎಫ್‌ಗೆಂದೇ ಬರುವ ಸ್ಪ್ರೇ ತಂದಿಟ್ಟಿದ್ದೇನೆ. ಬೇರೆ ಕ್ಲೀನರ್ ಹಾಕಿದರೆ ಅದರ ಸೂಕ್ಷ್ಮ ತಂತಿ ಹಾಳಾಗಬಹುದು. ಮಳೆ ಬಿಡುವು ಕೊಟ್ಟ ದಿನ ಬಿಚ್ಚುತ್ತೇನೆ. ಆಮೇಲೂ +8 ಇಳಿಯದಿದ್ದರೆ ಫ್ಯೂಯೆಲ್ ಪ್ರೆಶರ್ ಅಳೆಸುವುದು.