ಆರು ಇಂಚಿನ ಕನ್ನಡಿ: ಅಂಚು ಕೊನೆಗೂ ದಾರಿಗೆ ಬಂತು

ದೂರದರ್ಶಕಕ್ಕೆಂದು ಕೈಯಾರೆ ಉಜ್ಜುತ್ತಿರುವ ಗಾಜಿನ ಕನ್ನಡಿ ಇದು: ವ್ಯಾಸ 150 ಮಿ.ಮೀ., ನಾಭಿದೂರ 1200. ಒರಟು ಪುಡಿಯಿಂದ ನುಣ್ಣನೆಯ ಪುಡಿಯವರೆಗಿನ ಉಜ್ಜುವ ಕೆಲಸ ಎಂದಿನಂತೆ ಮುಗಿಯಿತು, ನಡುವಿನ ಆಳ 1.17 ಮಿ.ಮೀ.ಗೆ ಬಂದು ನಿಂತಿತು. ಸತಾಯಿಸಿದ್ದು ಪಾಲಿಶ್ ಹಂತದಲ್ಲಿ ತಲೆದೋರಿದ ಅಂಚಿನ ಕುಸಿತ, ಅಂದರೆ ಅಂಚು ಉಳಿದ ಮೈಗಿಂತ ಹೆಚ್ಚು ಸವೆದು ತಗ್ಗುವುದು.

ಕನ್ನಡಿಯಿಂದ ಮರಳುವ ದೀಪದ ಬೆಳಕಿಗೆ ಬ್ಲೇಡು ಅಡ್ಡ ಹಿಡಿದು ಆಕಾರ ನೋಡುವ ಫೂಕೋ ಪರೀಕ್ಷೆಯಲ್ಲಿ ಕನ್ನಡಿಯ ಅಂಚಿನಲ್ಲಿ ಕೂದಲೆಳೆಯಂಥ ಬೆಳಕಿನ ಗೆರೆ ಎಡಕ್ಕೂ ಬಲಕ್ಕೂ ಕಾಣಬೇಕು. ಇಲ್ಲಿ ಒಂದೇ ಬದಿಗಿತ್ತು. ರಾಂಕಿ ಜಾಲರಿ (ಒತ್ತೊತ್ತಾಗಿ ಸಮಾನಾಂತರ ಗೆರೆಗಳಿರುವ ಪಟ್ಟಿ) ಹಿಡಿದರೆ ಗೆರೆಗಳ ತುದಿಯೆಲ್ಲ ಕೊಕ್ಕೆ. ಕುಸಿತದ ಅಗಲ ಸುಮಾರು 5 ಮಿ.ಮೀ. ಇಷ್ಟೇ ತಾನೇ ಎನ್ನುವ ಹಾಗಿಲ್ಲ, ವಿಸ್ತೀರ್ಣದಲ್ಲಿ ಅದು ಶೇ. 13ರಷ್ಟು. ಆ ಬೆಳಕೆಲ್ಲ ಗುರು, ಶನಿಯ ಬಿಂಬದ ಮೇಲೆ ಮಂಜಿನಂತೆ ಕವಿಯುತ್ತದೆ. 2 ಮಿ.ಮೀ. ಆಗಿದ್ದರೆ ಕಪ್ಪು ಉಂಗುರ ಮುಚ್ಚಿ, ಶೇ. 5ರಷ್ಟು ಬೆಳಕು ಬಿಟ್ಟುಕೊಟ್ಟು ಮುಂದೆ ಹೋಗಬಹುದಿತ್ತು.

ತಪ್ಪು, ಲ್ಯಾಪ್ ಎಂಬ ಉಜ್ಜುವ ಬಿಲ್ಲೆಯ ಮೇಲೆ ಹೊದಿಸುವ ಡಾಂಬರಿನಂಥ ಪಿಚ್‌ನದು. ಡಬ್ಬಿಯ ಮೇಲೆ ‘ಗಟ್ಟಿ’ ಎಂದು ಅಚ್ಚು ಹಾಕಿದ್ದರು. ಉಗುರು ತಾಗಿಸಿದ ಕೂಡಲೇ ಗುರುತು ಬೀಳುವ ಪಿಚ್ ಗಟ್ಟಿ ಹೇಗಾದೀತು? ಯಾವ ಉಷ್ಣತೆಗೆ ಗಟ್ಟಿ ಎಂದು ಬರೆಯದೆ ಮಾರುವುದೇ ತಪ್ಪು. ಮೆತ್ತಗಿನ ಪಿಚ್ ಕನ್ನಡಿಯ ಅಂಚಿನ ಮುಂದೆ ಅಲೆಯಂತೆ ಉಬ್ಬುತ್ತದೆ, ಪ್ರತಿ ಎಳೆತದಲ್ಲೂ ಆ ಉಬ್ಬು ಅಂಚನ್ನೇ ತಿನ್ನುತ್ತದೆ. ಎಳೆತ ಉದ್ದವಾದಷ್ಟೂ ಹಾನಿ ಹೆಚ್ಚು.

ಹೆಬ್ಬೆರಳಿನಿಂದ ಅಂಚನ್ನಷ್ಟೇ ಉಜ್ಜಿ ಸರಿಪಡಿಸುವ ಯೋಚನೆ ಬೇಡ. ಕುಸಿದ ಕಡೆಯಿಂದ ಇನ್ನಷ್ಟು ಗಾಜು ತೆಗೆದರೆ ಗುಂಡಿ ಆಳವಾಗುತ್ತದೆ, ಅಷ್ಟೇ. ಉಳಿದ ಮೈಯೆಲ್ಲ ಅಂಚಿನ ಮಟ್ಟಕ್ಕೆ ಇಳಿಯಬೇಕು. ಹಾಗಾಗಿ ಹಳೇ ಪಿಚ್ ಕೆರೆದು, ರಾಳ ಸೇರಿಸಿ, ವಿದ್ಯುತ್ ಒಲೆಯಲ್ಲಿ ಸಣ್ಣ ಕಾವಿಗೆ ಕರಗಿಸಿದ್ದಾಯಿತು (ಆವಿಗೆ ಬೆಂಕಿ ಹತ್ತುತ್ತದೆ, ಜ್ವಾಲೆಯ ಹತ್ತಿರ ಬೇಡ). ಆಗಾಗ ಒಂದು ತೊಟ್ಟು ಕೋಣೆಯ ಉಷ್ಣತೆಯ ನೀರಿಗೆ ಬಿಟ್ಟು ಹತ್ತು ನಿಮಿಷದ ನಂತರ ಉಗುರೊತ್ತಿ ನೋಡಬೇಕು. ಕೆಲವು ಸೆಕೆಂಡು ಬಲವಾಗಿ ಒತ್ತಿದ ಮೇಲಷ್ಟೇ ಗುರುತು ಮೂಡಿದರೆ ಹದ ಬಂತು. ಅತಿಯಾದರೆ ಗಾಜಿನ ಮೇಲೆ ಸಣ್ಣ ಗೀರುಗಳು ಬೀಳುತ್ತವೆ.

ಹೊಸ ಲ್ಯಾಪ್ 145 ಮಿ.ಮೀ., ಅದರ ಪಿಚ್ ಮೈಯನ್ನು ಗೆರೆ ಕೊರೆದು ಚೌಕಗಳಾಗಿ ಬಿಡಿಸಿದ್ದಾಯಿತು. ಚೌಕಗಳ ನಡುಬಿಂದು ಲ್ಯಾಪಿನ ನಡುಬಿಂದುವಿನ ಮೇಲೆ ಕೂರಬಾರದು, ಕೂತರೆ ಉಂಗುರದಂಥ ಏರುತಗ್ಗು ಹುಟ್ಟುತ್ತದೆ. ಪ್ರತಿ ಸಲ ಒತ್ತಿಟ್ಟ ಮೇಲೆ ಹೊರಗೆ ಉಕ್ಕಿದ ಪಿಚ್ ಕತ್ತರಿಸಬೇಕು. ಎಳೆತ 40 ಮಿ.ಮೀ. ಮೀರದಂತೆ, ಸೀರಿಯಂ ಆಕ್ಸೈಡಿನಲ್ಲಿ ಆರು ಗಂಟೆ. ಪರೀಕ್ಷೆಗೆ ಮುನ್ನ ಒಂದು ಗಂಟೆ ಗಾಜು ತಣಿಯಲೇಬೇಕು, ಬೆಚ್ಚಗಿರುವ ಗಾಜು ಸುಳ್ಳು ಹೇಳುತ್ತದೆ.

ಆ ಕಾಯುವ ಹೊತ್ತಿನಲ್ಲಿ ಮುಂದೆ ಮಾಡಲಿರುವ ರೋಹಿತದರ್ಶಕದ (ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಉಪಕರಣ) ನಕ್ಷೆ ಸಿದ್ಧವಾಗಿದೆ. ಬೆಳಕಿನ ಸೀಳಿಗೆ ಎರಡು ಬ್ಲೇಡು, ಜಾಲರಿಗೆ ಡಿವಿಡಿಯ ಚೂರು. ಡಿವಿಡಿಯ ಸುರುಳಿ ಹಾದಿಗಳ ಅಂತರ 740 ನ್ಯಾನೋಮೀಟರ್, ಸಿಡಿಯದು 1600. ಆದ್ದರಿಂದ ಡಿವಿಡಿಯಲ್ಲಿ ಬಣ್ಣಗಳು ಹೆಚ್ಚು ಹರಡುತ್ತವೆ. ಬಿಳಿ ಹಾಳೆಯಿಂದ ಪ್ರತಿಫಲಿಸಿದ ಬಿಸಿಲಿನಲ್ಲಿ ಫ್ರಾನ್‌ಹೋಫರ್ 1814ರಲ್ಲಿ ಕಂಡ ಕಪ್ಪು ಗೆರೆಗಳನ್ನು, ಅದರಲ್ಲೂ 589 ನ್ಯಾನೋಮೀಟರ್ ಬಳಿಯ ಸೋಡಿಯಂ ಗೆರೆಯನ್ನು, ಹಿಡಿಯುವ ಆಸೆ.

ಅಂಚಿಗೆ ಮರಳೋಣ. ಬೆಳಕಿನ ಗೆರೆ ಈಗ ಎರಡೂ ಬದಿಗೆ ಒಂದೇ ಸಮ ಹೊಳೆಯುತ್ತಿದೆ, ಕನ್ನಡಿ ಶುದ್ಧ ಗೋಳಾಕಾರಕ್ಕೆ ಬಂದಿದೆ. ಉಳಿದಿರುವುದು ಪ್ಯಾರಾಬೊಲ, ಅಂದರೆ ದೂರದ ಬೆಳಕನ್ನೆಲ್ಲ ಒಂದೇ ಬಿಂದುವಿಗೆ ತರುವ ಆಕಾರ. ದೀಪವೂ ಬ್ಲೇಡೂ ಒಟ್ಟಿಗೆ ಸರಿಯುವ ಪರೀಕ್ಷಕದಲ್ಲಿ ಬ್ಲೇಡಿನ ಜಾಗದಲ್ಲಿ ನಡುವಿಗೂ ಅಂಚಿಗೂ ಬರಬೇಕಾದ ವ್ಯತ್ಯಾಸ 1.17 ಮಿ.ಮೀ., ಆರಂಭದಲ್ಲಿ ತೋಡಿದ ಆಳದಷ್ಟೇ. ಎರಡಕ್ಕೂ ಸೂತ್ರ ಒಂದೇ: ಕನ್ನಡಿಯ ತ್ರಿಜ್ಯದ ವರ್ಗವನ್ನು ವಕ್ರತಾ ತ್ರಿಜ್ಯದ (ನಾಭಿದೂರದ ಇಮ್ಮಡಿ, ಇಲ್ಲಿ 2400) ಎರಡರಷ್ಟರಿಂದ ಭಾಗಿಸುವುದು.